ಹಿಂಸೆ ಬರೀ ನೆಪ ಅನ್ಸುತ್ತೆ

ಕಪ್ಪು ಬಾಕ್ಸಿಂಗ್ ಚಾಂಪಿಯನ್ ಜಾಕ್ ಜಾನ್ಸನ್‌ನ ಕಾದಾಟದ ಫಿಲ್ಮನ್ನು ಅಮೆರಿಕದಲ್ಲಿ ತಡೆದದ್ದು ಹಿಂಸೆ ಜಾಸ್ತಿ ಇತ್ತು ಅಂತಲಾ ಎಂದು ಕೇಳಿದ್ದೀರಿ. ನನಗೆ ಹಾಗನಿಸುವುದಿಲ್ಲ. 1897ರಲ್ಲಿ ಇಬ್ಬರು ಬಿಳಿಯರ ಕಾದಾಟದ ಫಿಲ್ಮಿಗೂ ವಿರೋಧ ಬಂದಿತ್ತು, ಆದರೂ ಅದು ಊರೂರು ಸುತ್ತಿ ಚೆನ್ನಾಗಿ ದುಡ್ಡು ಮಾಡಿತು.

1910ರ ಜುಲೈ 4, ಅಮೆರಿಕದ ರೆನೋ ನಗರ. ಚಾಂಪಿಯನ್ ಪಟ್ಟ ಬಿಳಿಯರಿಗೇ ಮರಳಲಿ ಅಂತ ನಿವೃತ್ತಿಯಿಂದ ಎಬ್ಬಿಸಿ ತಂದಿದ್ದ ಬಿಳಿಯ ಮಾಜಿ ಚಾಂಪಿಯನ್ ಜಿಮ್ ಜೆಫ್ರೀಸ್, 15ನೇ ಸುತ್ತಿನಲ್ಲಿ ಜಾನ್ಸನ್‌ನಿಂದ ಏಟು ತಿಂದು ಹಗ್ಗಗಳ ಸಂದಿಯಲ್ಲಿ ಉರುಳಿದ. ಅದುವರೆಗೂ ಯಾರೂ ಅವನನ್ನು ಕೆಡವಿರಲಿಲ್ಲ! ಅಂದೇ ಹಲವು ನಗರಗಳಲ್ಲಿ ಗಲಭೆ. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ. ಬೆನ್ನಿಗೇ ಸುಧಾರಕರು ಈ ಕಾದಾಟದ ಫಿಲ್ಮಿನಿಂದ "ಮಕ್ಕಳು ಕೆಡುತ್ತಾರೆ" ಅಂತ ಎದ್ದರು. ಈ ಕಾಳಜಿ ಸುಮ್ನೆ ಬಂದಿದ್ದಲ್ಲ, ಅಲ್ವಾ? 1912ರಲ್ಲಿ ಇಂಥ ಫಿಲ್ಮುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಬಾರದೆಂದು ಕಾನೂನೇ ಬಂತು. ಅದು ಹೋಗಿದ್ದು 1940ರಲ್ಲಿ.