ವರದಿ ಕಳಿಸಿದ ಮೇಲೂ ಕಣ್ಣೆದುರು ನಿಲ್ಲುವ ದೃಶ್ಯ

ಪತ್ರದ ಸಾರ: ಬರೆದವರು ಲಿಂಗಸುಗೂರು ತಾಲ್ಲೂಕಿನ ಓದುಗರು. ಹೆಸರು ಬೇಡ ಎಂದಿದ್ದಾರೆ. ಅವರ ಮನೆಯವರು ಹತ್ತು ವರ್ಷದಿಂದ ಪತ್ರಿಕೆಗೆ ಕ್ರೈಂ ಸುದ್ದಿ ಕಳಿಸುವ ಸ್ಟ್ರಿಂಗರ್, ಅಂದರೆ ಸುದ್ದಿ ಲೆಕ್ಕದಲ್ಲಿ ದುಡ್ಡು ಪಡೆಯುವ ವರದಿಗಾರ. ನಾಲ್ಕು ತಿಂಗಳ ಹಿಂದೆ ಒಂದೇ ಮನೆಯ ಮೂವರ ಕೊಲೆಯ ವರದಿಗೆ ಹೋದವರು ಪೋಸ್ಟ್‌ಮಾರ್ಟಂ ಮುಗಿಯುವವರೆಗೂ ಅಲ್ಲೇ ಇದ್ದರು. ಅಂದಿನಿಂದ ರಾತ್ರಿ ಎರಡಕ್ಕೆ ಬೆವೆತು ಏಳುತ್ತಾರೆ, ಆ ಊರಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಾರೆ, ಮಗ ತಟ್ಟೆ ಬೀಳಿಸಿದರೂ ಸಿಡಿದೇಳುತ್ತಾರೆ. ಕುಡಿತ ಹೆಚ್ಚಿದೆ, ಮೆಡಿಕಲ್ ಅಂಗಡಿಯಿಂದ ನಿದ್ದೆ ಗುಳಿಗೆ ತರುತ್ತಾರೆ. ‘ಇದು ಹೆದರಿಕೆಯೋ ಹುಚ್ಚೋ? ಕೆಲಸ ಬಿಡಿಸಲೇ? ಎಲ್ಲಿ ತೋರಿಸಲಿ? ಊರಿಗೆ ಗೊತ್ತಾದರೆ ಏನು ಗತಿ?’

ಸಹೋದರಿ,

ಇದು ಹೆದರಿಕೆಯೂ ಅಲ್ಲ, ಹುಚ್ಚೂ ಅಲ್ಲ. ನೀವು ಬರೆದದ್ದನ್ನು ಓದಿದರೆ ಪಿಟಿಎಸ್‌ಡಿ, ಅಂದರೆ ಭೀಕರ ಘಟನೆಯ ಆಘಾತ ಮನಸ್ಸಿನಿಂದ ಇಳಿಯದೆ ಕಾಡುವ ಕಾಯಿಲೆ, ಇರಬಹುದು ಅನ್ನಿಸುತ್ತದೆ. ಖಚಿತ ಮಾಡಬೇಕಾದವರು ಮನೋವೈದ್ಯರು. ಈ ಹೆಸರು ವೈದ್ಯಕೀಯ ಕೈಪಿಡಿಗೆ ಬಂದದ್ದು 1980ರಲ್ಲಿ. ಕೆಲಸದ ಭಾಗವಾಗಿ ಭೀಕರ ವಿವರಗಳನ್ನು ಪದೇ ಪದೇ ಕಾಣುವವರಿಗೂ ಇದು ಬರುತ್ತದೆ ಎಂದು 2013ರ ಆವೃತ್ತಿ ಸ್ಪಷ್ಟವಾಗಿ ಹೇಳಿತು. ಕೆನಡಾದ ಮನೋವೈದ್ಯ ಆಂಥನಿ ಫೈನ್‌ಸ್ಟೈನ್ 140 ಯುದ್ಧ ವರದಿಗಾರರ ಬಗ್ಗೆ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 28ಕ್ಕಿಂತ ಹೆಚ್ಚು ಮಂದಿ ಜೀವನದಲ್ಲಿ ಒಮ್ಮೆಯಾದರೂ ಇದಕ್ಕೆ ತುತ್ತಾಗಿದ್ದರು. ಅವರೆಲ್ಲ ನುರಿತವರೇ. ‘ಹತ್ತು ವರ್ಷದಿಂದ ಹೆಣ ನೋಡಿದವನಿಗೆ ಈಗೇನಾಯಿತು’ ಎಂದು ಯಾರಾದರೂ ಅಂದರೆ ಇದನ್ನು ಹೇಳಿ.

ಘಟನೆಯಾದ ಮೊದಲ ಕೆಲವು ವಾರ ನಿದ್ದೆಗೆಡುವುದು ಸಹಜ. ಬಹಳ ಜನರಿಗೆ ತಾನಾಗಿಯೇ ಇಳಿಯುತ್ತದೆ. ತಿಂಗಳು ದಾಟಿಯೂ ಉಳಿದರೆ ತೋರಿಸಬೇಕು. ನಿಮಗೆ ನಾಲ್ಕು ತಿಂಗಳಾಗಿದೆ, ಇನ್ನು ಕಾಯುವುದು ಬೇಡ.

ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಅಷ್ಟು ದೂರ ಆಗದಿದ್ದರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ. ಈ ವ್ಯವಸ್ಥೆಯ ಬೇರು ನಮ್ಮ ಕಡೆಯೇ ಇದೆ. ಮಾನಸಿಕ ಚಿಕಿತ್ಸೆಯನ್ನು ಜನರ ಹತ್ತಿರಕ್ಕೇ ಒಯ್ಯುವುದನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ವೈದ್ಯರಿಗೆ ‘ನಿದ್ದೆ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ಗುಳಿಗೆ ಬರೆದು ಕಳಿಸಿಯಾರು. ಕೊಲೆಯ ವರದಿಯಿಂದ ಶುರುವಾಯಿತು ಎಂಬುದನ್ನು ಮೊದಲ ಮಾತಲ್ಲೇ ಹೇಳಿ, ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರಿದ್ದಾರೆ ಎಂದು ಕೇಳಿ. ಹತ್ತಿರದಲ್ಲಿ ಸಿಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಆ ಚಿಕಿತ್ಸೆ ಹೇಗಿರುತ್ತದೆಂದು ಗೊತ್ತಿದ್ದರೆ ಅರ್ಧಕ್ಕೆ ಬಿಡುವುದು ಕಡಿಮೆ. ‘ಪ್ರೊಲಾಂಗ್ಡ್ ಎಕ್ಸ್‌ಪೋಷರ್’ ಎಂಬ ಒಂದು ಬಗೆಯದನ್ನು ಬಿಡಿಸಿ ಹೇಳುತ್ತೇವೆ. ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ 8ರಿಂದ 15 ಭೇಟಿ. ಮೊದಲೆರಡು ಭೇಟಿ ವಿಚಾರಣೆ, ವಿವರಣೆ, ಉಸಿರಾಟದ ಅಭ್ಯಾಸ. ಆಮೇಲೆ ಕಣ್ಣು ಮುಚ್ಚಿ, ಆ ದಿನವನ್ನು ಈಗ ನಡೆಯುತ್ತಿರುವಂತೆ, ‘ನಾನು’ ಎಂದೇ ಹೇಳಬೇಕು: ‘ಬಾಗಿಲು ದಾಟುತ್ತಿದ್ದೇನೆ, ಹಸಿ ವಾಸನೆ ಬರುತ್ತಿದೆ.’ ಸಂಕಟ ಎಷ್ಟಿದೆ ಎಂದು ಚಿಕಿತ್ಸಕರು ನಡುನಡುವೆ ಕೇಳುತ್ತಾರೆ. ಸೊನ್ನೆಯಿಂದ ನೂರರೊಳಗೆ ಅಂಕ ಹೇಳಬೇಕು. ಅದನ್ನೇ ಮೂವತ್ತು ನಲವತ್ತು ನಿಮಿಷ ಮತ್ತೆ ಮತ್ತೆ ಹೇಳಿಸುತ್ತಾರೆ. ಧ್ವನಿ ಮುದ್ರಿಸಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಜೊತೆಗೆ, ತಪ್ಪಿಸಿಕೊಳ್ಳುತ್ತಿರುವ ಜಾಗಗಳ ಪಟ್ಟಿ ಮಾಡಿ ಸುಲಭದ್ದರಿಂದ ಶುರು ಮಾಡುತ್ತಾರೆ. ಮೊದಲು ಆ ಊರಿನ ಕ್ರಾಸ್‌ವರೆಗೆ ಹೋಗಿ ಸಂಕಟ ಅರ್ಧ ಇಳಿಯುವವರೆಗೆ ಅಲ್ಲೇ ನಿಲ್ಲುವುದು, ಆಮೇಲೆ ಊರೊಳಗೆ ಹೋಗುವುದು. ಓಡಿ ಬಂದಷ್ಟೂ ಭಯ ಬಲಿಯುತ್ತದೆ. ನಿಂತು ನೋಡಿದಾಗ ಮಾತ್ರ, ಅದು ಮುಗಿದುಹೋದ ಸಂಗತಿ, ಈಗ ಅಪಾಯವಿಲ್ಲ ಎಂಬುದನ್ನು ಮೈ ಕಲಿಯುತ್ತದೆ.

ಪತ್ರಕರ್ತರು ಇಲ್ಲಿ ಒಂದು ಕಡೆ ಎಡವುತ್ತಾರೆ. ಅವರು ವರದಿ ಒಪ್ಪಿಸುತ್ತಾರೆ: ‘ಬೆಳಗಿನ ಜಾವ ಘಟನೆ ನಡೆದಿದ್ದು, ಮೂವರು ಮೃತಪಟ್ಟಿದ್ದಾರೆ.’ ವಾಕ್ಯದಲ್ಲಿ ಎಲ್ಲವೂ ಇರುತ್ತದೆ, ಹೇಳುವವನೇ ಇರುವುದಿಲ್ಲ. ಹತ್ತು ಸಲ ಹಾಗೆ ಹೇಳಿದರೂ ಸಂಕಟ ಇಳಿಯದು. ನಿಮ್ಮವರು ಇದನ್ನು ಚಿಕಿತ್ಸಕರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ಇನ್ನೊಂದು ತೊಡಕು, ಶುರುವಿನ ವಾರಗಳಲ್ಲಿ ಕೆಟ್ಟ ಕನಸು ಹೆಚ್ಚಾಗಬಹುದು. ಚಿಕಿತ್ಸೆ ಕೆಡಿಸಿತೆಂದು ಬಿಡುವುದು ಆಗಲೇ. ದಯವಿಟ್ಟು ಆಗ ಬಿಡಿಸಬೇಡಿ, ಚಿಕಿತ್ಸಕರಿಗೆ ತಿಳಿಸಿ. ಕುಡಿದು ಹೋದ ದಿನದ ಭೇಟಿಯಂತೂ ವ್ಯರ್ಥ.

‘ಅಜ್ಜಿ ಎದೆ ಬಡಕೊಂಡು ಅಳುವಾಗ ನಾನು ಫೋಟೊ ತೆಗೀತಿದ್ದೆ’ ಎಂದು ಅವರು ಕುಡಿದಾಗ ಹೇಳಿದ್ದನ್ನು ಬರೆದಿದ್ದೀರಿ. ಭಯಕ್ಕಿಂತ ಈ ಪಾಪಪ್ರಜ್ಞೆಯೇ ದೊಡ್ಡದಾಗಿದ್ದರೆ, ಆ ನಂಬಿಕೆಯನ್ನು ಬರೆದು, ಸಾಕ್ಷ್ಯ ನೋಡಿ ಒರೆಗೆ ಹಚ್ಚುವ ಸಿಪಿಟಿ ಎಂಬ ಹನ್ನೆರಡು ಭೇಟಿಗಳ ಪದ್ಧತಿ ಚೆನ್ನಾಗಿ ಹೊಂದುತ್ತದೆ. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಕೂಡ ಪರೀಕ್ಷೆಗೆ ನಿಂತ ಚಿಕಿತ್ಸೆಯೇ.

ನಿದ್ದೆ ಗುಳಿಗೆಯ ಬಗ್ಗೆ ನಮಗೆ ನಿಜಕ್ಕೂ ಆತಂಕವಿದೆ. ಆಲ್‌ಪ್ರಜೋಲಾಂ ಜಾತಿಯ ಗುಳಿಗೆ ಈ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಚಟ ಹತ್ತಿಸುತ್ತದೆ. ಮದ್ಯದ ಜೊತೆ ಸೇರಿದರೆ ಉಸಿರನ್ನೇ ಕುಗ್ಗಿಸಬಹುದು. ಹಾಗೆಂದು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ದಿನಾ ಕುಡಿಯುವವರು ಏಕಾಏಕಿ ಕುಡಿತ ನಿಲ್ಲಿಸುವುದೂ ಹಾಗೆಯೇ. ಎರಡನ್ನೂ ವೈದ್ಯರ ಲೆಕ್ಕದಲ್ಲೇ ಇಳಿಸಬೇಕು. ಔಷಧ ಬೇಕಾದರೆ ಅವರು ಸರ್ಟ್ರಾಲಿನ್‌ನಂಥದ್ದನ್ನು ಬರೆಯಬಹುದು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು.

ರಾತ್ರಿ ಎದ್ದಾಗ ಅವರನ್ನು ಹಿಡಿದು ಅಲುಗಾಡಿಸಬೇಡಿ. ದೀಪ ಹಚ್ಚಿ, ಎರಡು ಮಾರು ದೂರದಿಂದ ಮಾತಾಡಿಸಿ. ‘ಮನೆಯಲ್ಲಿದ್ದೀರಿ, ಮಗ ಮಲಗಿದಾನೆ’ ಎನ್ನಿ. ಪಾದ ನೆಲಕ್ಕೂರಲಿ, ತಣ್ಣೀರಲ್ಲಿ ಮುಖ ತೊಳೆಯಲಿ. ಸಾಯುವ ಮಾತೇನಾದರೂ ಆಡಿದರೆ ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ತಂದ ಕೀಟನಾಶಕದ ಡಬ್ಬಿ ಅಂದೇ ಮನೆಯಿಂದ ಆಚೆ ಹೋಗಲಿ. 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಕೆಲಸ ಬಿಡಿಸಬೇಕಿಲ್ಲ. ಸುದ್ದಿ ಲೆಕ್ಕದಲ್ಲಿ ದುಡ್ಡು ಸಿಗುವವರಿಗೆ ಕ್ರೈಂ ಬಿಟ್ಟರೆ ತಿಂಗಳ ಆದಾಯಕ್ಕೇ ಪೆಟ್ಟು ಎಂಬುದು ನಮಗೆ ಗೊತ್ತು. ಚಿಕಿತ್ಸೆಯ ಎರಡು ಮೂರು ತಿಂಗಳು ಎಪಿಎಂಸಿ, ಕಾಲುವೆ ನೀರು, ಹತ್ತಿ ದರದ ಸುದ್ದಿಯ ಕೆಲಸ ಕೊಡಿ ಎಂದು ಡೆಸ್ಕ್‌ಗೆ, ಅಂದರೆ ಪತ್ರಿಕೆಯ ಸುದ್ದಿ ವಿಭಾಗಕ್ಕೆ, ಕೇಳಲಿ. ಒಪ್ಪುವುದು ಡೆಸ್ಕ್‌ನ ಕರ್ತವ್ಯ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ತಾನಾಗಿ ಇಳಿಯುವುದನ್ನು ಇವತ್ತೇ ನಿಲ್ಲಿಸಲಿ. ಮಗನ ಹುಟ್ಟುಹಬ್ಬದ ಫೋಟೊ ಪಕ್ಕದಲ್ಲೇ ಶವದ ಫೋಟೊ ಇರುವ ಗ್ಯಾಲರಿ ದಿನಕ್ಕೆ ಹತ್ತು ಸಲ ಗಾಯ ಕೆದಕುತ್ತದೆ. ಫೈನ್‌ಸ್ಟೈನ್ ತಂಡದ 2014ರ ಅಧ್ಯಯನದಲ್ಲೂ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕಿಂತ ಎಷ್ಟು ಸಲ ನೋಡಿದರು ಎನ್ನುವುದೇ ಹೆಚ್ಚು ತೊಂದರೆ ಕೊಟ್ಟಿತ್ತು. ವಿಡಿಯೊ ನೋಡಲೇಬೇಕಾದರೆ ಮೊದಲು ಸದ್ದು ಬಂದ್ ಮಾಡಲಿ. ಸುದ್ದಿ ಕಳಿಸಿದ ಮೇಲೆ ಡೆಸ್ಕ್‌ಗೆ ಕೇಳಿ ಪ್ರತಿ ಅಳಿಸಲಿ.

ಇನ್ನೊಂದು ದಿನಕ್ಕೂ ತಯಾರಾಗಿರಿ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ನಡೆದ ದಲಿತರ ಮೇಲಿನ ದೌರ್ಜನ್ಯಕ್ಕೆ ಕೊಪ್ಪಳದ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ನಿಮ್ಮವರು ವರದಿ ಮಾಡಿದ ಕೊಲೆ ಪ್ರಕರಣವೂ ಹಾಗೆಯೇ ತೀರ್ಪಿನ ಹೊತ್ತಿಗೆ ಮತ್ತೆ ಎದುರಿಗೆ ಬರುತ್ತದೆ. ಆ ವಾರ ಹಳೆಯ ಲಕ್ಷಣ ತಲೆಯೆತ್ತಿದರೆ ಚಿಕಿತ್ಸೆ ಸೋತಿತೆಂದಲ್ಲ. ಮುಂಚೆಯೇ ಒಂದು ಭೇಟಿ ಗೊತ್ತು ಮಾಡಿಕೊಳ್ಳಿ.

ಊರಿಗೆ ಗೊತ್ತಾಗುವ ಭಯಕ್ಕೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು. ಪತ್ರಿಕಾ ಕಚೇರಿ ಕೇಳಿತೆಂದು ವೈದ್ಯರು ಹೇಳುವಂತಿಲ್ಲ.

ಮೊದಲ ದಿನ ನೀವೂ ಹೋಗಿ. ಅವರು ನುಂಗುತ್ತಿರುವ ಗುಳಿಗೆಯ ಪಟ್ಟಿಯನ್ನು ಒಯ್ಯಿರಿ. ವಾರದಲ್ಲಿ ಎಷ್ಟು ರಾತ್ರಿ ಎದ್ದರು, ಎಷ್ಟು ಕುಡಿದರು ಎಂದು ಮಗನ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಬರೆದಿಟ್ಟುಕೊಳ್ಳಿ. ಒಳಗೆ ಮಾತ್ರ ಅವರೊಬ್ಬರೇ ಮಾತಾಡಲಿ. ನಿಮ್ಮೆದುರು ಹೇಳಲಾರದ್ದು ಏನಾದರೂ ಇದ್ದೇ ಇರುತ್ತದೆ.

— ಸಂಪಾದಕರು