ಹೊಟ್ಟೆಯ ನೀರಿನಲ್ಲಿ ಆಕ್ಸಿಜನ್ 28, ಬೆರಳಿನಲ್ಲಿ 97: ಯಾವುದನ್ನು ನಂಬಬೇಕು?

ನಿಮ್ಮ ತಂದೆಯವರಿಗೆ ಜಠರದ ಕ್ಯಾನ್ಸರ್ ನಾಲ್ಕನೇ ಹಂತ, ಹೊಟ್ಟೆಯಿಂದ ತೆಗೆದ ನೀರಿನಲ್ಲಿ ಆಕ್ಸಿಜನ್ 28 ಬಂದಿದೆ, ಮೂಗಿಗೆ ಆಕ್ಸಿಜನ್ ಹಾಕಿಸಿದರೆ ಗುಣವಾಗುತ್ತದೆಯೇ ಎಂದು ಕೇಳಿದ್ದೀರಿ.

ಮೊದಲು ಅಂಕಿಗಳ ಗೊಂದಲ. ಬೆರಳಿನ ಕ್ಲಿಪ್ ತೋರಿಸುವ 97 ಶೇಕಡಾವಾರು; ಹಿಮೋಗ್ಲೋಬಿನ್ನಿನ ಎಷ್ಟು ಪಾಲು ಆಕ್ಸಿಜನ್ ಹಿಡಿದಿದೆ ಎಂಬ ಲೆಕ್ಕ. ಹೊಟ್ಟೆಯ ನೀರನ್ನು ಹಾಕಿದ ಎಬಿಜಿ ಯಂತ್ರದ (ರಕ್ತದಲ್ಲಿನ ಅನಿಲಗಳನ್ನು ಅಳೆಯುವ ಯಂತ್ರ) 28 ಆಕ್ಸಿಜನ್ನಿನ ಒತ್ತಡ, ಮಿಲಿಮೀಟರ್ ಪಾದರಸದಲ್ಲಿ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ. ಅಪಧಮನಿಯ ರಕ್ತದಲ್ಲೇ 28 ಬಂದಿದ್ದರೆ ಬೆರಳಿನಲ್ಲಿ 50ರ ಆಸುಪಾಸು ಇರುತ್ತಿತ್ತು.

ಹೊಟ್ಟೆಯ ನೀರಿನಲ್ಲಿ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಇಲ್ಲ, ಕರಗಿದಷ್ಟೇ ಆಕ್ಸಿಜನ್. ಒತ್ತಡ 40 ಇದ್ದರೂ ಲೀಟರಿಗೆ ಸುಮಾರು 1.2 ಮಿ.ಲೀ.; ಆರೋಗ್ಯವಂತರ ಅಪಧಮನಿಯ ರಕ್ತದಲ್ಲಿ ಲೀಟರಿಗೆ 200 ಮಿ.ಲೀ. ಹತ್ತಿರ. ಆ ಚೂರನ್ನೂ ನೀರಿನಲ್ಲಿ ತೇಲುವ ಕ್ಯಾನ್ಸರ್ ಕೋಶಗಳು, ಬಿಳಿ ರಕ್ತಕಣಗಳು ಬಳಸಿಕೊಳ್ಳುತ್ತವೆ. ಸಿರೆಯ ರಕ್ತದಲ್ಲೇ 40ರಷ್ಟಿರುವಾಗ ಇಲ್ಲಿ 28 ಬಂದರೆ ಗಾಬರಿಪಡುವಂಥದ್ದೇನಿಲ್ಲ.

ಅದೂ ಸರಿಯಾಗಿ ತೆಗೆದಿದ್ದರೆ ಮಾತ್ರ. ಚೀಲದಲ್ಲಿ ಸಂಗ್ರಹವಾದ ನೀರು ಈ ಪರೀಕ್ಷೆಗೆ ಕೆಲಸಕ್ಕೆ ಬಾರದು. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಆಕ್ಸಿಜನ್ ಒತ್ತಡವೇ ಸುಮಾರು 140. ನೀರು ಅದನ್ನು ಬೇಗ ಹೀರಿಕೊಳ್ಳುತ್ತದೆ. ರಕ್ತದಂತೆ ತಡೆದುಕೊಳ್ಳಲು ಹಿಮೋಗ್ಲೋಬಿನ್ ಇಲ್ಲದ್ದರಿಂದ ಒಂದು ಸಣ್ಣ ಗುಳ್ಳೆ ಸಾಕು ಅಂಕಿ ಏರಲು. ಸೂಜಿಯಿಂದ ಬರುವ ಮೊದಲ ಕೆಲವು ಮಿ.ಲೀ. ಬಿಟ್ಟು, ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಎಬಿಜಿ ಸಿರಿಂಜಿನಲ್ಲಿ 2 ಮಿ.ಲೀ. ಎಳೆದು, ಗುಳ್ಳೆ ಹೊರಹಾಕಿ, ಮುಚ್ಚಳ ಹಾಕಿ 30 ನಿಮಿಷದೊಳಗೆ ಯಂತ್ರಕ್ಕೆ ಕೊಡಬೇಕು. ಪ್ಲಾಸ್ಟಿಕ್ ಸಿರಿಂಜನ್ನು ಐಸ್‌ನಲ್ಲಿಡುವುದು ಬೇಡ, ತಣ್ಣಗಾದಷ್ಟೂ ಹೊರಗಿನ ಆಕ್ಸಿಜನ್ ಹೆಚ್ಚು ಕರಗುತ್ತದೆ. ತಡವಾದರೆ ಕೋಶಗಳು ಉಸಿರಾಡುತ್ತಲೇ ಇದ್ದು ಅಂಕಿ ಇಳಿಯಲೂಬಹುದು. ನೀರಿನಲ್ಲಿ ಹೆಪ್ಪುಗಟ್ಟುವ ಫೈಬ್ರಿನ್ ಪ್ರೋಟೀನಿನ ಎಳೆಗಳು ಯಂತ್ರದ ಕೊಳವೆ ಕಟ್ಟಿಸುತ್ತವೆಂದು ಎಷ್ಟೋ ಲ್ಯಾಬ್‌ನವರು ಇದನ್ನು ಹಾಕುವುದಕ್ಕೇ ಒಪ್ಪುವುದಿಲ್ಲ; ಅವರ ತಪ್ಪೇನಿಲ್ಲ.

ಸಂಶೋಧಕರಿಗೆ ಈ ವಿಷಯದಲ್ಲಿ ಆಸಕ್ತಿ ಇರುವುದಕ್ಕೆ ಕಾರಣವಿದೆ. ಅಂಗಾಂಶದೊಳಗೆ ಆಕ್ಸಿಜನ್ ಇಳಿಯುವುದು 100ರಿಂದ 200 ಮೈಕ್ರಾನ್ ಮಾತ್ರ, ಆದ್ದರಿಂದ ಕ್ಯಾನ್ಸರ್ ಕೋಶಗಳ ದೊಡ್ಡ ಗೊಂಚಲಿನ ನಡುವಿನವಕ್ಕೆ ಅದು ಸಿಗದು. ಆಗ ಎಚ್‌ಐಎಫ್ ಎಂಬ ಪ್ರೋಟೀನ್ ಹೆಚ್ಚಿ, ಅದರಿಂದ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಹೆಚ್ಚಿ, ರಕ್ತನಾಳಗಳು ಸೋರುತ್ತವೆ, ನೀರು ಇನ್ನಷ್ಟು ತುಂಬುತ್ತದೆ. ಕೋಶಗಳು ಆಕ್ಸಿಜನ್ ಕೊರತೆಯನ್ನು ಗುರುತಿಸುವ ಈ ವ್ಯವಸ್ಥೆಯ ಅಧ್ಯಯನಕ್ಕೇ 2019ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು. ಆದರೆ ಇಂತಿಷ್ಟು ಅಂಕಿ ಬಂದರೆ ಇಂಥ ಚಿಕಿತ್ಸೆ ಎಂಬ ನಿಯಮ ಇಂದಿಗೂ ಇಲ್ಲ.

97 ಇರುವವರಿಗೆ ಮೂಗಿಗೆ ಆಕ್ಸಿಜನ್ ಹಾಕಿದರೆ ಗಡ್ಡೆ ಕುಗ್ಗುವುದಿಲ್ಲ. ಹೊಟ್ಟೆಗೆ ಓಜೋನ್, ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತೇವೆ ಎನ್ನುವವರ ಬಾಗಿಲಿಗೂ ಹೋಗಬೇಡಿ: ರಕ್ತನಾಳಕ್ಕೆ ಅನಿಲ ಸೇರಿ ಜೀವ ಹೋಗಬಹುದು.

ಏದುಸಿರು ಇದ್ದರೆ ಬಹುಪಾಲು ಕಾರಣ ನೀರು ವಪೆಯನ್ನು (ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತುವುದು. ನೀರು ತೆಗೆದರೆ ಹಗುರಾಗುತ್ತದೆ. ಎದೆಯಲ್ಲೂ ನೀರಿದೆಯೇ ನೋಡಿಸಿ, ಹಿಮೋಗ್ಲೋಬಿನ್ ಮಾಡಿಸಿ. ಅದು 6ಕ್ಕೆ ಇಳಿದಿದ್ದರೂ ಬೆರಳಿನ ಕ್ಲಿಪ್ 98 ತೋರಿಸಬಲ್ಲದು. ನೀರಿನ ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ್ದು ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ: ಘನ ಮಿಲಿಮೀಟರಿಗೆ 250 ಅಥವಾ ಹೆಚ್ಚಿದ್ದರೆ ಸೋಂಕಿನ ಶಂಕೆ. ಜೊತೆಗೆ ಜ್ವರ, ಹೊಟ್ಟೆನೋವು ಇದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.