ಹೋಸ್ಟಿಂಗ್‌ನವರೇ ಬ್ಯಾಕಪ್ ತೆಗೆದರೆ ನಾನೂ ತೆಗೆಯಬೇಕಾ?

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ನಮ್ಮದು ಮಾವಿನ ತೋಟ. ಬಾದಾಮಿ, ಮಲ್ಲಿಕಾ ಹಣ್ಣನ್ನು ಬಾಕ್ಸ್ ಲೆಕ್ಕದಲ್ಲಿ ಬೆಂಗಳೂರಿನ ಮನೆಗಳಿಗೆ ಕಳಿಸುತ್ತೇವೆ. ಆರ್ಡರ್‌ಗೆ ವರ್ಡ್‌ಪ್ರೆಸ್, ಅದಕ್ಕೆ ಅಂಗಡಿ ಸೇರಿಸುವ ವೂಕಾಮರ್ಸ್‌ನಲ್ಲಿ ವೆಬ್‌ಸೈಟ್ ಮಾಡಿಸಿದ್ದೇವೆ. ದಿನಾ ಬ್ಯಾಕಪ್ ತೆಗೆಯುತ್ತೇವೆ ಅಂತ ಹೋಸ್ಟಿಂಗ್ ಕಂಪನಿಯವರು (ಸೈಟನ್ನು ತಮ್ಮ ಸರ್ವರ್‌ನಲ್ಲಿ ಇಟ್ಟುಕೊಳ್ಳುವವರು) ಮೊದಲೇ ಹೇಳಿದ್ದರು. ಈಗ ರಿನ್ಯೂವಲ್ ಬಿಲ್‌ನಲ್ಲಿ ಬ್ಯಾಕಪ್‌ಗೆ ಅಂತ ಬೇರೆ ದುಡ್ಡು ಸೇರಿಸಿದ್ದಾರೆ. ಕೊಡಬೇಕಾ?
– ಮಾವು ಬೆಳೆಗಾರರು, ಕೋಲಾರ ಜಿಲ್ಲೆ

ಉತ್ತರ: ಬಿಲ್ ಕಟ್ಟುವ ಮುಂಚೆ ಅವರ ಸಪೋರ್ಟ್‌ಗೆ ಒಂದು ಟಿಕೆಟ್ (ಬರಹದ ಕೋರಿಕೆ) ಹಾಕಿ. ಎಷ್ಟು ದಿನದ ಕಾಪಿ ಇಟ್ಟಿರುತ್ತೀರಿ, ಅದನ್ನು ಎಲ್ಲಿ ಇಡುತ್ತೀರಿ, ಬೇಕಾದಾಗ ನಾನೇ ವಾಪಸ್ ಹಾಕಿಕೊಳ್ಳಬಹುದಾ ಅಂತ ಕೇಳಿ. ಫೋನಿನಲ್ಲಿ ಬೇಡ, ಉತ್ತರ ಬರಹದಲ್ಲೇ ಬರಲಿ. ಶೇರ್ಡ್ ಹೋಸ್ಟಿಂಗ್‌ನ (ಒಂದೇ ಸರ್ವರ್‌ನಲ್ಲಿ ಹಲವರ ಸೈಟ್) ಷರತ್ತುಗಳನ್ನು ಓದಿದರೆ, ಬ್ಯಾಕಪ್‌ಗೆ ಗ್ಯಾರಂಟಿ ಇಲ್ಲ ಅನ್ನುವ ಸಾಲು ಎಷ್ಟೋ ಕಡೆ ಸಿಗುತ್ತದೆ.

'ದಿನಾ' ಅನ್ನುವ ಮಾತನ್ನು ನಂಬಿ ಕೂರಬೇಡಿ. ಕೋಲಾರದ ಒಬ್ಬ ಅಂಗಡಿಯವರ ಸೈಟ್ ಹ್ಯಾಕ್ ಆಗಿತ್ತು. ಅವರಿಗೆ ಗೊತ್ತಾಗಿದ್ದು ಇಪ್ಪತ್ತು ದಿನದ ಮೇಲೆ. ಹೋಸ್ಟಿಂಗ್‌ನವರ ಹತ್ತಿರ ಇದ್ದದ್ದು 7 ದಿನದ ಕಾಪಿ. ಏಳರಲ್ಲೂ ಹ್ಯಾಕರ್‌ಗಳು ತುರುಕಿದ ಅದೇ ಮಾಲ್‌ವೇರ್! ದಿನಾ ತೆಗೆದಿದ್ದಂತೂ ನಿಜ, ಪಾಪ.

ಇಡುವ ಜಾಗದ ಕಥೆ ಇನ್ನೊಂದು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್‌ಗೆ (ಸರ್ವರ್‌ಗಳನ್ನು ಇಡುವ ಕಟ್ಟಡ) ಬೆಂಕಿ ಬಿತ್ತು. ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅಲ್ಲೇ ಇತ್ತು. ಸೈಟ್ ಜೊತೆ ಅದೂ ಹೋಯಿತು. ಬಿತ್ತನೆ ರಾಗಿಯನ್ನು ಊಟದ ರಾಗಿ ಮೂಟೆಗೆ ಸುರಿದಿಟ್ಟ ಹಾಗೆ ಆಯಿತಲ್ವಾ?

ನಿಮ್ಮಂಥವರಿಗೆ ಬೆಂಕಿಗಿಂತ ಹತ್ತಿರದ ಅಪಾಯ ರಿನ್ಯೂವಲ್ ಮರೆಯುವುದು. ಸೀಸನ್ ಮುಗಿದ ಮೇಲೆ ಸೈಟ್ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅವಧಿ ಮುಗಿದರೆ ಅಕೌಂಟ್ ಸಸ್ಪೆಂಡ್ ಆಗುತ್ತದೆ, ಸ್ವಲ್ಪ ದಿನ ಬಿಟ್ಟು ಡಿಲೀಟ್ ಆಗುತ್ತದೆ. ಆಮೇಲೆ ಅವರ ಹತ್ತಿರ ಕಾಪಿ ಉಳಿದಿರುತ್ತದೆ ಅಂತ ನಂಬುವ ಹಾಗಿಲ್ಲ.

ಹಾಗಾಗಿ ನಿಮ್ಮದೇ ಒಂದು ಕಾಪಿ ಬೇರೆ ಕಡೆ ಇರಲೇಬೇಕು. ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಅಪ್‌ಡ್ರಾಫ್ಟ್‌ಪ್ಲಸ್ ಅನ್ನುವ ಬ್ಯಾಕಪ್ ಪ್ಲಗಿನ್‌ನ ಉಚಿತ ಆವೃತ್ತಿ ಸಾಕು. ಅದು ಗೂಗಲ್ ಡ್ರೈವ್‌ಗೆ ತಾನಾಗಿಯೇ ಕಳಿಸುತ್ತದೆ. ಡ್ರೈವ್‌ನಲ್ಲಿ 15 ಜಿಬಿ ಉಚಿತ, ಆದರೆ ಜಿಮೇಲ್ ಕೂಡ ಅದರಲ್ಲೇ ಪಾಲು ಕೇಳುತ್ತದೆ. ಫೈಲ್‌ಗಳಿಗೂ ಡೇಟಾಬೇಸ್‌ಗೂ ಬೇರೆ ಬೇರೆ ಸಮಯ ಇಡಬಹುದು. ತೋಟದ ಫೋಟೊ ದಿನಾ ಬದಲಾಗುವುದಿಲ್ಲ, ಫೈಲ್‌ಗಳಿಗೆ ವಾರಕ್ಕೊಮ್ಮೆ ಸಾಕು. ಆರ್ಡರ್ ಎಲ್ಲ ಡೇಟಾಬೇಸ್‌ನಲ್ಲಿರುತ್ತದೆ. ಮೇ, ಜೂನ್‌ನಲ್ಲಿ ಅದಕ್ಕೆ ನಾಲ್ಕು ಗಂಟೆಗೊಮ್ಮೆ ಇಡಿ. ಡೊಮೈನ್ (ಸೈಟ್ ವಿಳಾಸ) ಹೆಸರಿನ ಇಮೇಲ್ ಇದ್ದರೆ ಅದು ಈ ಪ್ಲಗಿನ್‌ಗೆ ಸಿಗುವುದಿಲ್ಲ, ಸಿಪ್ಯಾನೆಲ್‌ನಿಂದ (ಹೋಸ್ಟಿಂಗ್ ಅಕೌಂಟ್ ನೋಡಿಕೊಳ್ಳುವ ಪುಟ) ತೆಗೆಯಬೇಕು. ಸಿಪ್ಯಾನೆಲ್‌ನ ಫುಲ್ ಬ್ಯಾಕಪ್ ಇನ್ನೊಂದು ಹೋಸ್ಟಿಂಗ್‌ಗೆ ಹೋಗುವಾಗ ಒಳ್ಳೆಯದು. ಆದರೆ ಅದನ್ನು ನೀವೇ ರಿಸ್ಟೋರ್ ಮಾಡಲಾಗದು (ವಾಪಸ್ ಹಾಕಲಾಗದು), ಸರ್ವರ್ ನೋಡಿಕೊಳ್ಳುವವರೇ ಮಾಡಬೇಕು.

ದುಡ್ಡಿನ ವಿಷಯ. 30 ದಿನದ ಕಾಪಿ, ಬೇರೆ ಸರ್ವರ್, ನೀವೇ ಕ್ಲಿಕ್ ಮಾಡಿ ರಿಸ್ಟೋರ್ ಮಾಡುವ ಸೌಲಭ್ಯ – ಈ ಮೂರೂ ಇದ್ದರೆ ಕೊಡಿ. ಹಣ್ಣು ಕಿತ್ತು ಬಾಕ್ಸ್ ಕಟ್ಟಿದ ರಾತ್ರಿ ಸೈಟ್ ಬಿದ್ದರೆ ಆಗ ಅದರ ಬೆಲೆ ಗೊತ್ತಾಗುತ್ತದೆ. ಒಂದು ಇಲ್ಲದಿದ್ದರೂ ಸುಮ್ನೆ ಕೊಡಬೇಡಿ.

ಏಪ್ರಿಲ್‌ನಲ್ಲೇ ಒಮ್ಮೆ ರಿಸ್ಟೋರ್ ಮಾಡಿ ನೋಡಿ. ಸೈಟ್ ಮಾಡಿಕೊಟ್ಟವರ ಕೈಲಿ ಒಂದು ಸಬ್‌ಡೊಮೈನ್‌ನಲ್ಲಿ (ಅದೇ ಡೊಮೈನ್‌ನ ಉಪ ವಿಳಾಸ) ಹಾಕಿಸಿ, ಹಳೆ ಆರ್ಡರ್‌ಗಳು ತೆರೆಯುತ್ತವಾ ನೋಡಿ. ನಿಜವಾದ ಸೈಟ್‌ಗೆ ಹಾಕುವ ದಿನ ಬಂದರೆ, ಮೊದಲು ಈಗಿರುವ ಡೇಟಾಬೇಸನ್ನು ಪಿಎಚ್‌ಪಿಮೈಅಡ್ಮಿನ್ ಅನ್ನುವ ಡೇಟಾಬೇಸ್ ಸಾಧನದಿಂದ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ನಿನ್ನೆಯ ಕಾಪಿ ಹಾಕಿದರೆ ಇವತ್ತಿನ ಆರ್ಡರ್‌ಗಳು ಅಳಿಸಿಹೋಗುತ್ತವೆ.

ಹಾಗೆ ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಪಬ್ಲಿಕ್_ಎಚ್‌ಟಿಎಂಎಲ್ ಫೋಲ್ಡರ್‌ನಲ್ಲಿ (ಸೈಟ್‌ನಲ್ಲಿ ಎಲ್ಲರಿಗೂ ತೆರೆದಿರುವ ಫೋಲ್ಡರ್) ಮಾತ್ರ ಬಿಡಬೇಡಿ. ಹೆಸರು ಊಹಿಸಿದವರು ಯಾರು ಬೇಕಾದರೂ ಡೌನ್‌ಲೋಡ್ ಮಾಡಬಹುದು. ನಿಮ್ಮ ಗಿರಾಕಿಗಳ ಮನೆ ವಿಳಾಸ, ಫೋನ್ ನಂಬರ್ ಎಲ್ಲ ಅದರೊಳಗೇ ಇರುತ್ತದೆ.